ವಿದ್ಯಾವತಿಯ ಮಾಡೆಲ್

ಶಾಲು ಹೊದ್ದು ವೇದಿಕೆಯ ಮೇಲೆ ನಿಂತಿದ್ದ ಸಿದ್ದಾರೂಢನನ್ನು ಕಂಡು ವಿದ್ಯಾವತಿಗೆ ಮೈಯೆಲ್ಲ ಉರಿಯಿತು.

ಡೀಸೆಲ್ ಪಂಪ್‌ಸೆಟ್ಟಿನ ಮಾಡೆಲ್ ಅವಳದು. ಸಿಲಿಂಡರಿನೊಳಗೆ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುವುದು, ಇಂಧನ ಉರಿಯುವುದು, ಅನಿಲ ಹಿಗ್ಗುವುದು, ಹೊಗೆಯಾಗಿ ಹೊರಬೀಳುವುದು, ಎಲ್ಲವನ್ನೂ ಸಮೀಕರಣಗಳಲ್ಲಿ ಹಿಡಿದು ಕಂಪ್ಯೂಟರಿನಲ್ಲಿ ಓಡಿಸಿದವಳು ಅವಳು. ಇಂಧನವನ್ನು ತುಸು ಮುಂಚೆ ಚಿಮ್ಮಿಸಿದರೆ ಡೀಸೆಲ್ ಉಳಿಯುತ್ತದೆಂದು ಕಂಡುಕೊಂಡವಳೂ ಅವಳೇ. ಜೊತೆಯ ಲೆಕ್ಚರರ್ ಸಿದ್ದಾರೂಢ ಲ್ಯಾಬಿನಲ್ಲಿ ಇಂಜಿನ್ ನಡೆಸಿ ತಾಳೆ ನೋಡಿದ್ದ, ಅಷ್ಟೆ. ಆದರೆ ಸಿಂದಗಿಯ ಅವರ ಕಾಲೇಜಿನ ಪ್ರಿನ್ಸಿಪಾಲರು ರೈತರ ಸಭೆಯಲ್ಲಿ, "ಇದು ನಮ್ಮ ಸಿದ್ದಾರೂಢ ಸರ್ ಮಾಡಿದ ಮಾಡೆಲ್. ವಿದ್ಯಾವತಿ ಮೇಡಂ ಟೈಪಿಂಗ್ ಮಾಡಿಕೊಟ್ಟಾರ," ಎಂದುಬಿಟ್ಟರು.

ಸಿದ್ದಾರೂಢ ಬಾಯಿ ತೆರೆದ. ಚಪ್ಪಾಳೆ ಬಿತ್ತು. ಬಾಯಿ ಮುಚ್ಚಿದ.

ಊಟದ ಬಿಡುವಿನಲ್ಲಿ ಅವಳ ಹಿಂದೆಯೇ ಓಡಿಬಂದ.

"ವಿದ್ಯಾ, ನಾ ಹೇಳಾಕ ಹೊಂಟಿದ್ದೆ. ಗದ್ದಲದಾಗ..."

"ಇಂಜಿನ್ ಗದ್ದಲದಾಗೂ ನನ್ನ ಕೈಬಳಿ ಸಪ್ಪಳ ಕೇಳ್ತೈತಿ ಅಂದಾಂವ ನೀನ ಅಲ್ಲ? ಚಪ್ಪಾಳಿ ಕೇಳಿದ ಕೂಡ್ಲೆ ನನ್ನ ಹೆಸರು ಮರತಿ?"

ಅವನು ರೆಪ್ಪೆ ಇಳಿಸಿದ. ಬೇರೆ ದಿನವಾಗಿದ್ದರೆ ಆ ರೆಪ್ಪೆಗೆ ಅವಳು ಕರಗುತ್ತಿದ್ದಳು. ಇವತ್ತು ಅದಕ್ಕೂ ಸಿಟ್ಟು ಬಂತು.

"ತಪ್ಪಾತು."

"ಮೂಲ್ಯಾಗ ನಿಂತು ಹೇಳಬ್ಯಾಡ. ಮೈಕಿನಾಗ ಆದ ತಪ್ಪು ಮೈಕಿನಾಗ ತಿದ್ದು."

ಸಭೆ ಮತ್ತೆ ಕೂಡಿದಾಗ ಅವನು ಯಾರೂ ಕರೆಯದೆ ವೇದಿಕೆ ಹತ್ತಿದ.

"ಈ ಮಾಡೆಲ್ ನಂದಲ್ರಿ. ಪೂರಾ ವಿದ್ಯಾವತಿ ಮೇಡಂದು. ಮುಂಜಾನೆ ನಾ ಹೇಡಿಹಂಗ ಸುಮ್ಮನಿದ್ದೆ."

ಪ್ರಿನ್ಸಿಪಾಲರು ತೋಳು ಜಗ್ಗಿದರು. ಅವನು ಕದಲಲಿಲ್ಲ. ಶಾಲು ತೆಗೆದು ಮೇಜಿನ ಮೇಲಿಟ್ಟ.

ಮುಳವಾಡದ ರೈತ ಮಾಳಿಂಗಪ್ಪ ಎದ್ದು ನಿಂತ. "ಹಂಗಾರ ಮೇಡಮ್ಮರ ಹೇಳ್ಲಿ. ಹಾಕಿದ ಎಣ್ಣಿ ಎಲ್ಲಾ ಎಲ್ಲಿ ಹೊಕ್ಕೈತ್ರಿ?"

ವಿದ್ಯಾವತಿ ಮೈಕ್ ಹಿಡಿದಳು. ದನಿಯಲ್ಲಿ ಇನ್ನೂ ಸಿಟ್ಟಿತ್ತು. "ಎಣ್ಣಿ ಉರದು ಕಾವು ಆಗ್ತೈತ್ರಿ. ಪುಸ್ತಕದಾಗಿನ ಇಂಜಿನ್ನಿನಾಗ ಆ ಕಾವು ಸೋರಂಗಿಲ್ರಿ. ಖರೇ ಇಂಜಿನ್ನಿನಾಗ ಸಿಲಿಂಡರ್ ಗ್ವಾಡಿಗೆ, ನೀರಿಗೆ, ಹೊಗಿಗೆ ಹೋಗ್ತೈತಿ. ಆ ಹೋದದ್ದನ್ನೂ ನನ್ನ ಮಾಡೆಲ್ ಲೆಕ್ಕಕ್ಕ ಹಿಡೀತೈತಿ." 'ನನ್ನ' ಎನ್ನುವಾಗ ಅವಳು ಪ್ರಿನ್ಸಿಪಾಲರನ್ನೇ ನೋಡಿದಳು. ಅವರು ನೆಲ ನೋಡಿದರು.

ಸಂಜೆ ಊರಿಗೆ ಮರಳುವ ಇಂಡಿ ಬಸ್ಸಿನಲ್ಲಿ ವಿದ್ಯಾವತಿಯ ಪಕ್ಕದ ಸೀಟು ಖಾಲಿಯಿದ್ದರೂ ಸಿದ್ದಾರೂಢ ನಿಂತೇ ಇದ್ದ.

"ಕೂಡ್ರು."

"ಸಿಟ್ಟು ಇಳೀತೇನು?"

"ಇಲ್ಲ. ಇಂಡಿ ಬರೂತನಕ ಬೈಯೂದೈತಿ."

ಅವನು ಕುಳಿತ. "ಜೀವನಪೂರ್ತಿ ಬೈ. ಒಲ್ಲೆ ಅನ್ನಂಗಿಲ್ಲ ನಾ."

ಅವಳು ಕಿಟಕಿಗೆ ಮುಖ ತಿರುಗಿಸಿದಳು. ತೊಗರಿಯ ಹೊಲಗಳು ಹಿಂದೆ ಸರಿದವು.

"ನಾಳಿ ನಿಮ್ಮವ್ವನ್ನ ಕರ್ಕೊಂಡು ನಮ್ಮನಿಗೆ ಬಾ."

"ಆಕಿಗೂ ಬೈತಿಯೇನು?"

"ಬೈಯೂದು ನಿನಗಷ್ಟ. ಆಕಿಗೆ ಚಾ ಕೊಡ್ತೇನಿ."