ಫಾರ್ಮಿನ ಕೊನೆಯ ಸಾಲು

ಲ್ಯಾಬಿನ ಟಾಯ್ಲೆಟ್ಟಿನ ಒಳಗೆ ಅನ್ಸಾಫ್ ಇದ್ದ. ಹೊರಗೆ ಗಡಿಯಾರ ನೋಡುತ್ತ, ಸ್ಯಾಂಪಲ್ ಪಡೆಯಬೇಕಾದ ನಾನಿದ್ದೆ.

"ಫ್ಲಶ್ ಮಾಡ್ಬೇಡಿ, ಕಪ್ಪಿಗೆ ನೀರು ಸೇರಬಾರದು," ಎಂದೆ.

"ಬಸ್ಸಲ್ಲಿ ನೀನು ಅಂತಿದ್ದಿ. ಈಗ ಎಂತ ಮುರ್ಶಿದಾ, ನೀವು?"

"ಇಲ್ಲಿ ನೀವು ಕ್ಯಾಂಡಿಡೇಟ್."

ಪ್ರೀತಿಗೆ ಇದಕ್ಕಿಂತ ಕೆಟ್ಟ ಜಾಗ ಪಾಣೆಮಂಗಳೂರಿನಲ್ಲಿ ಇರಲಾರದು.

ಅವನು ಬಜ್ಪೆಯಲ್ಲಿ ವಿಮಾನದ ಚಕ್ರ, ಬ್ರೇಕು ನೋಡುವ ಮೆಕ್ಯಾನಿಕ್. ಆ ವರ್ಷ, 2007ರಲ್ಲಿ, ಶಾರ್ಜಾದ ವಿಮಾನ ರಿಪೇರಿ ಕಂಪನಿಯೊಂದು ಅವನನ್ನು ಆರಿಸಿತ್ತು. ಕುಡಿತ, ಮಾದಕ ವಸ್ತು ಇಲ್ಲವೆಂದು ಮೂತ್ರ ಪರೀಕ್ಷೆಯಾಗದೆ ಅಲ್ಲಿ ಯಾರೂ ವಿಮಾನ ಮುಟ್ಟುವಂತಿಲ್ಲ. ಸ್ಯಾಂಪಲ್ ಕಳಿಸಲು ಅಂದೇ ಕೊನೆಯ ದಿನ. ತಪ್ಪಿದರೆ ಪಟ್ಟಿಯಲ್ಲಿ ಮುಂದಿನವನಿಗೆ ಕೆಲಸ.

ಒಂದು ವರ್ಷದಿಂದ ಕನ್ಯಾನದ ಬಸ್ಸಿನಲ್ಲಿ ನಾನು ಮುಂದೆ, ಅವನು ಹಿಂದೆ. ಡ್ರೈವರನ ಕನ್ನಡಿಯಲ್ಲಿ ನೋಡುತ್ತಿದ್ದೆವು. ಇಳಿಯುವಾಗ ಸೆಕೆ, ಚಿಲ್ಲರೆ, ತಡ ಎಂದು ಎರಡು ಮಾತು. ಅದರಾಚೆಗೆ ಇಬ್ಬರೂ ದಾಟಿರಲಿಲ್ಲ.

ಅವನು ಕಪ್ ತಂದು ಮೇಜಿನ ಮೇಲಿಟ್ಟ. ನನ್ನ ಕೈ ನೋಡಿದ, ಗ್ಲೌಸ್ ನೋಡಿ ನಕ್ಕ. ಕಪ್ಪಿನ ಬಿಸಿ ಮೂವತ್ತನಾಲ್ಕು ಡಿಗ್ರಿ, ಆಗಷ್ಟೇ ಕೊಟ್ಟದ್ದೆನ್ನಲು ಸರಿಯಿತ್ತು. ಸೀಲ್ ಅಂಟಿಸುವ ಮೊದಲು ಫಾರ್ಮಿನ ಕೊನೆಯ ಸಾಲಿಗೆ ಬಂದೆ. ಅದನ್ನು ನಾವು ಯಾರೂ ಓದುವುದಿಲ್ಲ, ಸಹಿ ಹಾಕಿಬಿಡುತ್ತೇವೆ. ಅವತ್ತು ಓದಿದೆ. ಸ್ಯಾಂಪಲ್ ಪಡೆದವರಿಗೂ ಕೊಟ್ಟವರಿಗೂ ರಕ್ತಸಂಬಂಧವಾಗಲಿ ಆಪ್ತತೆಯಾಗಲಿ ಇಲ್ಲವೆಂದು ಸಹಿ ಮಾಡಬೇಕಿತ್ತು. ಇದ್ದರೆ ಬೇರೆಯವರು ಹೊಸದಾಗಿ ಪಡೆಯಬೇಕು. ಲ್ಯಾಬಿನಲ್ಲಿ ಬೇರೆಯವರೆಂದರೆ ನೀಲಾವತಿಯಕ್ಕ ಒಬ್ಬರೇ. ಅವರು ರಜೆ ಮುಗಿಸಿ ಬರುವುದು ಸೋಮವಾರ.

ಸಾಲನ್ನು ಅವನಿಗೆ ಓದಿ ಹೇಳಿದೆ.

"ಹಾಕು ಮಾರಾಯ್ತಿ. ನಮ್ಮ ನಡುವೆ ಎಂತ ಉಂಟು?"

ಹೆಸರಿನ ಮೊದಲ ಅಕ್ಷರ ಬರೆದೆ. ಪೆನ್ನು ಮುಂದೆ ಹೋಗಲಿಲ್ಲ.

"ಏನೂ ಇಲ್ಲ ಅಂತ ನನ್ನ ಮುಖ ನೋಡಿ ಹೇಳು. ಹಾಕ್ತೇನೆ."

ಅವನು ಕಿಟಕಿಗೆ ಹೋದ, ಬಂದ, ವಾಚ್ ನೋಡಿದ. ಸ್ಯಾಂಪಲ್ ಒಯ್ಯುವ ಕೊರಿಯರಿನವ ಬರಲು ಹತ್ತು ನಿಮಿಷವಿತ್ತು. ಮತ್ತೆ ಕಿಟಕಿಗೆ ಹೋದ. ತಿರುಗಿ ಬಂದು ಕಪ್ ಎತ್ತಿಕೊಂಡು ಟಾಯ್ಲೆಟ್ಟಿನೊಳಗೆ ನಡೆದ. ಫ್ಲಶ್ಶಿನ ಸದ್ದು ಕೇಳಿತು.

ಶಾರ್ಜಾ ಹೋಯಿತು. ಇಬ್ಬರಿಗೂ ಗೊತ್ತಿತ್ತು.

ಟೆಸ್ಟ್ ರದ್ದಾದ ಕಾರಣ ಬರೆಯುವ ಪುಟ್ಟ ಚೌಕದಲ್ಲಿ, ಪರಿಚಯವಿದೆ ಎಂದು ಬರೆದೆ. ಕೈ ತೊಳೆದು ಬಂದವನು ಬಗ್ಗಿ ಓದಿದ.

"ಪರಿಚಯ ಮಾತ್ರವಾ?"

"ಇದರಲ್ಲಿ ಜಾಗ ಇಷ್ಟೇ ಉಂಟು," ಎಂದೆ.