ಬೆಳಗಿನ ಮಾತ್ರೆಗೆ ಒಬ್ಬ ಸಾಕ್ಷಿ

ಹರಿಣಿ ಸಿಟ್ಟಿನಿಂದ ಒಮ್ಮೆ ತಿರುಗಿ ನೋಡಿದ್ದಕ್ಕೆ ವಿಶಾಖಪಟ್ಟಣದ ಬಂದರಿನಲ್ಲಿದ್ದ ಮೂರು ಯುದ್ಧನೌಕೆಗಳು ಲಂಗರು ಕಿತ್ತುಕೊಂಡು ಶ್ರೀಲಂಕಾದವರೆಗೆ ಓಡಿಹೋದವು. ನಂಬದಿದ್ದರೆ ಶ್ರೀಲಂಕಾದವರನ್ನೇ ಕೇಳಿ!

ಅವಳು ಹಾಗೆ ನೋಡಿದ್ದು ಅದೇ ಊರಿನ ಮಧುರವಾಡದ ಒಂದು ವ್ಯಸನಮುಕ್ತಿ ಕ್ಲಿನಿಕ್ಕಿನ ಬಿಲ್ ಕೌಂಟರಿನ ಮುಂದೆ. ನೋಡಿಸಿಕೊಂಡವನು ಉದಯ್.

ಆ ಕ್ಲಿನಿಕ್ಕಿನಲ್ಲಿ ಯಾರನ್ನೂ ಮಲಗಿಸಿಕೊಳ್ಳುವುದಿಲ್ಲ. ವಾರವಾರ ಬಂದು ಡಾಕ್ಟರನ್ನು ಕಂಡು, ಕೌನ್ಸೆಲಿಂಗ್‌ಗೆ ಕೂತು, ಮಾತ್ರೆ ತೆಗೆದುಕೊಂಡು ಮನೆಗೆ ಹೋಗಬೇಕು. ಉದಯ್ ದಾವಣಗೆರೆಯವನು. ವರ್ಗವಾಗಿ ಬಂದು ವಿಜಯವಾಡದ ಒನ್ ಟೌನ್‌ನಲ್ಲಿ ಬ್ಯಾಂಕ್ ಗುಮಾಸ್ತನಾಗಿದ್ದ. ಅಲ್ಲೇ ಚಿಕಿತ್ಸೆಗೆ ಹೋದರೆ ಬ್ಯಾಂಕಿನ ಕನ್ನಡದವರಿಗೆಲ್ಲ ಸುದ್ದಿಯಾದೀತೆಂದು ಹೆದರಿ, ಇಷ್ಟು ದೂರ ರೈಲು ಹತ್ತಿ ಬಂದಿದ್ದ.

“ನಿಮ್ಮ ಇನ್ಶೂರೆನ್ಸ್ ಇದಕ್ಕೆ ಬರಲ್ಲ ಸಾರ್,” ಎಂದು ಕೌಂಟರಿನ ಪ್ರತ್ಯೂಷಾ ತೆಲುಗಿನಲ್ಲಿ ಬಿಡಿಸಿ ಹೇಳುತ್ತಿದ್ದಳು. “ಆಸ್ಪತ್ರೇಲಿ ಅಡ್ಮಿಟ್ ಆದ್ರೆ ಮಾತ್ರ ಅಂತಿದೆ. ಅದ್ರಲ್ಲೂ ಕುಡಿತಕ್ಕೆ ಕೊಡಲ್ಲ. ನಮ್ಮ ಟ್ರಸ್ಟ್ ಅರ್ಧ ಫೀಸು ಕಟ್ಟುತ್ತೆ. ಆದ್ರೆ ಮನೆಯವರೊಬ್ರು ಜವಾಬ್ದಾರಿ ತಗೋಬೇಕು. ದಿನಾ ಅವರ ಕಣ್ಣೆದುರೇ ಮಾತ್ರೆ ನುಂಗಬೇಕು. ಎಲ್ಲಿ ನಿಮ್ಮ ಮನೆಯವರು?”

ಉದಯ್ ಬೆವರಿದ. ಆ ಬೆವರಿಗೆ ವಿಜಯವಾಡದ ಬ್ಯಾರೇಜಿನ ಗೇಟುಗಳನ್ನೆಲ್ಲ ತೆರೆಯಬೇಕಾಯಿತು!

ಪೂರ್ತಿ ಫೀಸು ಕಟ್ಟುವ ಶಕ್ತಿ ಅವನಿಗಿರಲಿಲ್ಲ. ಊರಿನಲ್ಲಿದ್ದ ಅಮ್ಮನಿಗೆ ಕುಡಿತದ ವಿಷಯವೇ ಗೊತ್ತಿಲ್ಲ. ಯಾರ ಹೆಸರು ಹೇಳುವುದು?

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ತೆಲುಗು ಬೆರೆತ ಕನ್ನಡ ಕೇಳಿಸಿತು.

“ಅಪ್ಪಾ, ಮಾತ್ರೆ ನಾಲಿಗೆ ಕೆಳಗೆ ಇಟ್ಕೊಂಡು ನಾಟಕ ಆಡ್ಬೇಡಿ. ಬಾಯಿ ತೆಗೀರಂಡೀ!”

ಉದಯ್ ಯೋಚಿಸಲೇ ಇಲ್ಲ. ಬೆರಳು ಚಾಚಿದ. “ಅಗೋ… ಅವರೇ ನಮ್ಮ ಮನೆಯವರು!”

ಆಗಲೇ ಆ ನೌಕೆಗಳು ಓಡಿದ್ದು.

“ಯಾರ್ರೀ ನಿಮ್ಮ ಮನೆಯವರು? ಬುದ್ಧಿ ಇದ್ಯಾ?”

“ಕನ್ನಡ ಮಾತಾಡಿದ್ರಲ್ಲ… ಬಾಯಿಗೆ ಬಂದ್ಬಿಡ್ತು. ತಪ್ಪಾಯ್ತು.”

“ಕನ್ನಡದವರೆಲ್ಲ ನಿಮ್ಮ ಮನೆಯವರೇ ಆದ್ರೆ ಇಡೀ ಕರ್ನಾಟಕ ಇಲ್ಲಿ ಕ್ಯೂ ನಿಲ್ಬೇಕಾಗುತ್ತೆ!”

ಬೆಂಚಿನ ಮೇಲಿದ್ದ ಅವಳ ಅಪ್ಪ ಉಮಾಶಂಕರ ಗೊಳ್ಳೆಂದು ನಕ್ಕರು. ಗದಗಿನವರು, ನೇವಿಯಿಂದ ನಿವೃತ್ತರು. “ಹೂಂ ಅನ್ನವಾ ಹರಿಣಿ. ಒಬ್ಬ ಕುಡುಕನ್ನ ಕಾಯಾಕತ್ತೀದಿ. ಇನ್ನೊಬ್ಬ ಹೆಚ್ಚಾದ್ರ ಏನಾತು?”

ಹರಿಣಿ ನಗಲಿಲ್ಲ. ಅಮ್ಮ ಅನಸೂಯಾ ಬದುಕಿದ್ದಷ್ಟು ದಿನ ಅಪ್ಪ ಕುಡಿದರು. ಅಮ್ಮ ಹೋದ ಮೇಲೆ ಬಿಡಲು ಹೊರಟರು. ಆ ತಡವನ್ನು ಅವಳಿನ್ನೂ ಕ್ಷಮಿಸಿರಲಿಲ್ಲ.

ಉದಯ್ ಚೀಲ ಎತ್ತಿಕೊಂಡು ಬಾಗಿಲ ಕಡೆ ನಡೆದ. ಈ ಬಾಗಿಲಿನಿಂದ ಹೀಗೆ ತಲೆ ತಗ್ಗಿಸಿಕೊಂಡು ಹೋದವರು ನೇರವಾಗಿ ಎಲ್ಲಿಗೆ ಹೋಗುತ್ತಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು…

“ರೀ! ನಿಂತ್ಕೊಳ್ಳಿ. ನಾನು ಒಪ್ಕೋತೀನಿ. ಆದ್ರೆ ಒಂದೇ ಒಂದು ಸುಳ್ಳು ಹೇಳಿದ್ರೂ ಮುಗೀತು.”

“ಹೇಳಲ್ಲ.”

ಮನೆಯವರು ಎಂದರೆ ನೆಂಟರೇ ಆಗಬೇಕೆಂದು ಟ್ರಸ್ಟಿನವರು ಕೇಳುತ್ತಿರಲಿಲ್ಲ. ದೂರದಿಂದಾದರೂ ಸರಿ, ಕಾಯುವವರು ಒಬ್ಬರಿದ್ದರೆ ಸಾಕಿತ್ತು.

ಮರುದಿನದಿಂದ ವಿಡಿಯೋ ಕಾಲ್ ಶುರುವಾಯಿತು. ವಿಜಯವಾಡದ ಪಟಮಟದ ಬಾಡಿಗೆ ಕೋಣೆಯಲ್ಲಿ ಉದಯ್ ಮಾತ್ರೆ ತೋರಿಸುವನು, ನುಂಗುವನು, ನೀರು ಕುಡಿಯುವನು, ಬಾಯಿ ತೆರೆದು ನಾಲಿಗೆ ಎತ್ತುವನು. ಪ್ರಪಂಚದಲ್ಲಿ ಯಾವ ಹುಡುಗಿಯೂ ಒಬ್ಬ ಹುಡುಗನ ನಾಲಿಗೆಯ ಅಡಿಯನ್ನು ಅಷ್ಟು ಶ್ರದ್ಧೆಯಿಂದ ನೋಡಿರಲಾರಳು!

“ಇವತ್ತು ತಿಂಡಿ ಏನು?”

“ಉಪ್ಪಿಟ್ಟು. ನಾನೇ ಮಾಡಿದ್ದು.”

“ತೋರಿಸಿ. ಅಯ್ಯೋ… ಗೋಡೆಗೆ ಹಚ್ಚೋ ಗಾರೆ ಥರ ಇದೆ!”

“ನಿಮ್ಮ ವೈಜಾಗ್‌ನಲ್ಲಿ ಇದಕ್ಕಿಂತ ಚೆನ್ನಾಗಿರೋ ಉಪ್ಪಿಟ್ಟು ಸಿಗುತ್ತಾ?”

“ನಾನು ಮಾಡಿದ್ರೆ ಸಿಗುತ್ತೆ.” ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡಳು. *ಛೆ! ಏನು ಹೇಳಿಬಿಟ್ಟೆ?*

ವಾರಕ್ಕೊಮ್ಮೆ ಅವನು ಬರುವ ದಿನ ಹರಿಣಿಯ ಐಟಿ ಆಫೀಸಿನ ಲಿಫ್ಟು ರಾಕೆಟ್ಟಿನಂತೆ ಇಳಿಯುತ್ತಿತ್ತು. ಇದು ಪ್ರೀತಿಯೇ ಎಂದು ಅವಳು ತನ್ನನ್ನು ತಾನು ಕೇಳಿಕೊಂಡಳು. ಉತ್ತರ ಗೊತ್ತಾಗಿ ಹೆದರಿದಳು. *ಅಮ್ಮನ ದಾರಿಯಲ್ಲೇ ಹೊರಟೆನಾ?*

ಒಂದು ಬೆಳಗ್ಗೆ ಕಾಲ್ ಬಂದಿದ್ದು ಆಸ್ಪತ್ರೆಯಿಂದ. ಉದಯ್‌ನ ಮುಖ ಕೆಂಡದಂತೆ ಕೆಂಪಾಗಿತ್ತು. ಉಸಿರು ಮೇಲೆ ಕೆಳಗೆ. ಹಿಂದಿನ ಸಂಜೆಯಿಂದ ವಾಂತಿ.

ಆ ಮಾತ್ರೆಯ ಗುಣವೇ ಅದು. ನುಂಗಿದವನು ಕುಡಿದರೆ ಒಳಗಿನಿಂದಲೇ ಹಿಡಿದು ಒದೆಯುತ್ತದೆ.

“ಕುಡಿದ್ರಾ?”

“ಇಲ್ಲ ಹರಿಣಿ! ಅಮ್ಮ ಊರಿಂದ ಆಯುರ್ವೇದದ ಅರಿಷ್ಟ ಕಳಿಸಿದ್ರು. ಶಕ್ತಿ ಬರ್ಲಿ ಅಂತ ತಗೊಂಡೆ. ಅದ್ರಲ್ಲೂ ಆಲ್ಕೋಹಾಲ್ ಇರುತ್ತಂತೆ, ಡಾಕ್ಟ್ರು ಈಗ ಹೇಳಿದ್ರು…”

ಹೌದು, ಅರಿಷ್ಟವೇ! ಆಹಾ, ಎಂಥ ಬಾಟಲಿ ಅದು! ಆಳೆತ್ತರದ್ದು. ದಾವಣಗೆರೆಯಿಂದ ತರಲು ಲಾರಿ ಬೇಕಾಯಿತು. ಮುಚ್ಚಳ ತೆರೆದಾಗ ಪಟಮಟದ ಅರ್ಧ ಬೀದಿಯ ಕೆಮ್ಮು ವಾಸಿಯಾಯಿತು. ಪಾಪ, ತಾಯಿಯ ಪ್ರೀತಿಯೇ ಮಗನಿಗೆ ವಿಷವಾಯಿತು ನೋಡಿ!

ಹರಿಣಿ ನಂಬಿದಳು. ನಂಬಿದ್ದಷ್ಟೇ ಅಲ್ಲ, ಕ್ಲಿನಿಕ್ಕಿಗೆ ಹೋಗಿ ಜಗಳವಾಡಿದಳು. “ಮತ್ತೆ ಕುಡಿದವರಿಗೆ ಅರ್ಧ ಫೀಸು ನಿಲ್ಲಿಸೋದು ನಿಮ್ಮ ರೂಲ್ಸು, ಸರಿ. ಇವ್ರು ಗೊತ್ತಿಲ್ದೇ ಔಷಧಿ ತಗೊಂಡಿದ್ದು. ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ?” ಪ್ರತ್ಯೂಷಾ ಒಪ್ಪಿದಳು. ಟ್ರಸ್ಟಿನ ಅರ್ಧ ಫೀಸು ಉಳಿಯಿತು.

ಆ ಸಂತೋಷದಲ್ಲೇ, ಉದಯ್ ಹಿಂದೊಮ್ಮೆ ಕೊಟ್ಟಿದ್ದ ನಂಬರು ಹುಡುಕಿ, ಅವನ ಅಮ್ಮ ದೇವಮ್ಮನಿಗೆ ಫೋನ್ ಮಾಡಿದಳು. ಕುಡಿತದ ಸುದ್ದಿ ಎತ್ತಲಿಲ್ಲ. ಗೆಳತಿ ಎಂದು ಪರಿಚಯ ಹೇಳಿಕೊಂಡಳು.

“ಅಮ್ಮಾ, ಇನ್ಮೇಲೆ ಉದಯ್‌ಗೆ ಅರಿಷ್ಟ ಕಳಿಸ್ಬೇಡಿ. ಅವ್ರಿಗೆ ಒಗ್ಗಲ್ಲ.”

“ಅರಿಷ್ಟ ಏನವ್ವಾ? ನಾನೆಲ್ಲಿ ಕಳಿಸೀನಿ? ಚಟ್ನಿಪುಡಿ ಕಳಿಸಿ ಎಷ್ಟೋ ದಿನ ಆತು.”

ಸಿಕ್ಕಿಬಿದ್ದೆವು! ಉದಯನೂ, ಅವನ ಜೊತೆಗೆ ಈ ಕಥೆ ಹೇಳುವ ಬಾಯಿಯೂ.

ಬಾಟಲಿ ಇರಲಿಲ್ಲ. ಲಾರಿ ಇರಲಿಲ್ಲ. ನಾಯಕನನ್ನು ಉಳಿಸಿಕೊಳ್ಳುವ ಆಸೆಗೆ ಅಷ್ಟೆಲ್ಲ ಹೇಳಿದ್ದಾಯಿತು. ಇನ್ನು ಮುಂದಿನದಕ್ಕೆ ಬಣ್ಣ ಹಚ್ಚುವುದಿಲ್ಲ.

ಹರಿಣಿ ವಿಜಯವಾಡದ ರೈಲು ಹತ್ತಿದಳು. ಪಟಮಟದ ಆ ಕೋಣೆಯ ಬಾಗಿಲು ತೆರೆದ ಉದಯ್, ಅವಳ ಮುಖ ನೋಡಿಯೇ ಪಕ್ಕಕ್ಕೆ ಸರಿದ.

“ನಿಮ್ಮಮ್ಮನ ಹತ್ರ ಮಾತಾಡ್ದೆ.”

ಅವನು ಗೋಡೆಗೆ ಒರಗಿ ಕೂತ. “ಕುಡಿದೆ.”

“ಯಾಕೆ?”

“ಕಾರಣ ಇದ್ದಿದ್ರೆ ಚೆನ್ನಾಗಿರ್ತಿತ್ತು. ಏನೂ ಆಗಿರ್ಲಿಲ್ಲ ಹರಿಣಿ. ಆಫೀಸ್‌ನಿಂದ ಬರ್ತಾ ಇದ್ದೆ. ಅಂಗಡಿ ಕಾಣ್ತು. ಹೋದೆ.”

“ಅವತ್ತು ಬೆಳಗ್ಗೆ ನನ್ನ ಎದುರಿಗೆ ನುಂಗಿದ್ದು?”

“ನಿಜವಾಗ್ಲೂ ನುಂಗಿದ್ದೆ. ಕುಡಿದ್ರೆ ಏನಾಗುತ್ತೆ ಅಂತ ಗೊತ್ತಿದ್ದೂ ಕುಡಿದೆ. ಆ ಮಾತ್ರೆ ವಿಷಯದಲ್ಲಿ ಒಂದು ದಿನಾನೂ ನಿಮ್ಗೆ ಮೋಸ ಮಾಡಿಲ್ಲ.”

“ಆಮೇಲೆ ಮಾಡಿದ್ರಲ್ಲ!” ಅವಳ ದನಿ ಒಡೆಯಿತು. “ನಿಮ್ಗೋಸ್ಕರ ಜಗಳ ಆಡ್ದೆ. ನಮ್ಮಮ್ಮನೂ ಹೀಗೇ… ಅಪ್ಪನಿಗೆ ಮೈ ಹುಷಾರಿಲ್ಲ ಅಂತ ಅಕ್ಕಪಕ್ಕದವರಿಗೆಲ್ಲ ಹೇಳ್ತಾ ಹೇಳ್ತಾನೇ ಹೋದ್ಳು. ಅವಳ ಬಾಯಲ್ಲಿದ್ದ ಸುಳ್ಳನ್ನ ಈಗ ನನ್ನ ಬಾಯಿಗೆ ಹಾಕಿದ್ರಿ.”

ಉದಯ್ ಅತ್ತ. ಅವಳು ಸಮಾಧಾನ ಮಾಡಲಿಲ್ಲ.

ಕೊನೆಗೆ ಅವನು ಫೋನ್ ತೆಗೆದು, ಅವಳೆದುರೇ ಪ್ರತ್ಯೂಷಾಗೆ ಕರೆ ಮಾಡಿದ. ಅರಿಷ್ಟ ಸುಳ್ಳು, ಕುಡಿದದ್ದು ನಿಜ, ಹರಿಣಿಗೆ ಗೊತ್ತಿರಲಿಲ್ಲ ಎಂದ. ಟ್ರಸ್ಟಿನ ನೆರವು ಆಗಲೇ ನಿಂತಿತು. ಇನ್ನು ಮುಂದೆ ಪೂರ್ತಿ ಫೀಸು.

“ಹೇಗೆ ಕಟ್ತೀರಿ?” ಹರಿಣಿ ಕೇಳಿದಳು. “ನಾನು ಒಂದು ಪೈಸೆ ಕೊಡಲ್ಲ.”

“ಕೊಡ್ಬೇಡಿ. ಬ್ಯಾಂಕಲ್ಲಿ ಸಿಬ್ಬಂದಿ ನೆರವಿನ ನಿಧಿ ಇದೆ. ಮ್ಯಾನೇಜರ್ ಶಂಕರಪ್ಪನವರಿಗೆ ಏನು ಕಾಯಿಲೆ ಅಂತ ಹೇಳ್ಬೇಕು. ಅದಕ್ಕೇ ಇಷ್ಟು ದಿನ ಕೇಳಿರ್ಲಿಲ್ಲ. ನಾಳೆ ಹೇಳ್ತೀನಿ.”

ಹೇಳಿದ. ರಾತ್ರಿಯನ್ನು ಲಾಡ್ಜಿನಲ್ಲಿ ಕಳೆದ ಹರಿಣಿ ಮರುದಿನ ಬ್ಯಾಂಕಿನ ಹೊರಗೆ ನಿಂತು ಕಾದಳು. ಗಾಜಿನಾಚೆ ಶಂಕರಪ್ಪನವರು ಕನ್ನಡಕ ತೆಗೆದು ಉದಯನನ್ನೇ ದಿಟ್ಟಿಸುತ್ತಿದ್ದುದು ಕಂಡಿತು. ಹೊರಬಂದವನ ಮುಖ ಬಾಡಿತ್ತು.

“ನಿಧಿಯವರಿಗೆ ಬರೀತಾರಂತೆ, ಸಿಗೋದು ಅನುಮಾನ ಅಂದ್ರು. ಅಲ್ಲಿವರೆಗೂ ಸಂಬಳದ ಮೇಲೆ ಅಡ್ವಾನ್ಸ್. ಕ್ಯಾಶ್ ಕೌಂಟರ್‌ನಿಂದ ನನ್ನ ತೆಗೆದ್ರು… ಮಧ್ಯಾಹ್ನದೊಳಗೆ ಎಲ್ಲರಿಗೂ ಗೊತ್ತಾಗುತ್ತೆ.”

“ಬೇಜಾರಾಯ್ತಾ?”

“ನಾಚಿಕೆ ಆಯ್ತು. ಇಲ್ಲಿ ಬಚ್ಚಿಡೋದಕ್ಕೆ ಇನ್ನೇನೂ ಉಳೀಲಿಲ್ಲ.”

ಇಲ್ಲಿ ಇಬ್ಬರಿಗೂ ಮದುವೆ ಮಾಡಿಸಿ, ಹತ್ತು ಸಾವಿರ ಜನಕ್ಕೆ ಊಟ ಹಾಕಿಸಿ, ಸಮುದ್ರದಿಂದಲೇ ಮಂಗಳವಾದ್ಯ ನುಡಿಸಬೇಕೆಂದು ನಾಲಿಗೆ ತುರಿಸುತ್ತದೆ. ಆದರೆ ಮಾತು ಕೊಟ್ಟಾಗಿದೆ. ಮದುವೆ ಆಗಿಲ್ಲ. ಆಗುತ್ತದೆಂದು ಹೇಳುವಷ್ಟು ಧೈರ್ಯವೂ ಇಲ್ಲ. ಅವನು ಮತ್ತೆ ಕುಡಿಯುವುದಿಲ್ಲವೆಂದು ಆಣೆ ಮಾಡಲೂ ಬರುವುದಿಲ್ಲ. ಆ ದಿನ ನಡೆದದ್ದು ಇಷ್ಟೇ: ಅವಳು ಆಟೋ ಹತ್ತಿದಳು, ಅವನು ಆಟೋದ ಕಂಬಿ ಹಿಡಿದು ನಿಂತ.

“ಹರಿಣಿ… ನಿಮ್ಮನ್ನ ಪ್ರೀತಿಸ್ತೀನಿ ಅಂತ ಹೇಳೋ ಮುಖ ಇಲ್ಲ ನಂಗೆ.”

“ಹಾಗಾದ್ರೆ ಹೇಳ್ಬೇಡಿ.” ಅವಳು ಕಣ್ಣೊರೆಸಿಕೊಂಡಳು. “ನಾನು ಹೇಳ್ತೀನಿ. ಪ್ರೀತಿ ಇದೆ. ನಂಬಿಕೆ ಇಲ್ಲ.”

“ಸಾಕು…”

“ಸಾಕಾಗಲ್ಲ ಉದಯ್. ನಂಗೆ ಎರಡೂ ಬೇಕು.”

“ಎಷ್ಟು ದಿನ ಕಾಯ್ತೀರಿ?”

“ಗೊತ್ತಿಲ್ಲ. ಇವತ್ತಿಂದು ನುಂಗಿದ್ರಾ?”

“ಇಲ್ಲ. ನೀವು ನೋಡ್ತೀರೋ ಇಲ್ವೋ ಅಂತ…” ಅವನು ಜೇಬಿನಿಂದ ಮಾತ್ರೆ ತೆಗೆದ.

ಹರಿಣಿ ಆಟೋದವನಿಗೆ ಸ್ವಲ್ಪ ತಡೆಯಲು ಹೇಳಿ, ತನ್ನ ನೀರಿನ ಬಾಟಲಿ ಚಾಚಿದಳು.

“ನುಂಗಿ. ನೋಡ್ತಿದೀನಿ.”