ಸಡಿಲಿಸಿದ ತಿರುಪು

ಹನ್ನೊಂದನೇ ತಾರೀಖು, ಮಂಗಳವಾರ ಬೆಳಿಗ್ಗೆ ಎಂಟು ನಲವತ್ತಕ್ಕೆ ಠಾಣೆಗೆ ಬಂದ ಮುದುಕರು, ಕುರ್ಚಿ ತೋರಿಸಿದರೂ ಕೂರಲಿಲ್ಲ. ಕೂತರೆ ಏಳುವುದು ಕಷ್ಟ ಎಂದರು. ಮೇಜಿನ ಅಂಚಿಗೆ ಕೈಯೂರಿ, ಬರೆದು ತಂದಿದ್ದ ದೂರನ್ನು ಮಹಿಳಾ ಹೆಡ್ ಕಾನ್ಸ್‌ಟೇಬಲ್‌ ಮುಂದಿಟ್ಟರು. ಮುದ್ರಣಾಲಯದಲ್ಲಿ ಮೂವತ್ತು ವರ್ಷ ಕರಡು ತಿದ್ದಿ ನಿವೃತ್ತರಾದವರು. ಅಕ್ಷರಗಳು ವಾಲಿದ್ದವು. ಆದರೆ ದೂರಿನಲ್ಲಿ ಒಂದು ತಪ್ಪೂ ಇರಲಿಲ್ಲ.

ದೂರಿನ ಸಾರಾಂಶ ಇಷ್ಟು: ಹಿಂದಿನ ಸಂಜೆ ಏಳೂಕಾಲರ ಸುಮಾರಿಗೆ, ಐಸ್ ಕಾರ್ಖಾನೆಯ ಹಿಂದಿನ ಓಣಿಯಲ್ಲಿ, ಅವರ ಸ್ನೇಹಿತನನ್ನು ಯಾರೋ ಚಾಕುವಿನಿಂದ ಇರಿದು ಓಡಿಹೋಗಿದ್ದಾರೆ. ಸ್ನೇಹಿತ ಅದೇ ಮುದ್ರಣಾಲಯದ ಕಟ್ಟಡದಲ್ಲಿ ಲಿಫ್ಟ್ ನಡೆಸುತ್ತಿದ್ದವನು. ಹೆಂಡತಿ ತೀರಿಹೋಗಿದ್ದಾಳೆ, ಮಕ್ಕಳಿಲ್ಲ. ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾನೆ.

ಇನ್‌ಸ್ಪೆಕ್ಟರ್ ಎರಡು ಸಲ ಓದಿದರು.

“ಆ ಓಣೀಲಿ ಅವರಿಗೇನು ಕೆಲಸ?”

“ವಾಕಿಂಗ್ ಸಾರ್. ಮೂವತ್ತು ವರ್ಷ ಮೇಲೆ ಕೆಳಗೆ ಓಡಾಡಿದ್ದಾಯ್ತು, ಇನ್ನು ನೆಟ್ಟಗೆ ಮುಂದಕ್ಕೆ ಹೋಗ್ತೀನಿ ಅಂತಿದ್ದ.”

ಹೆಡ್ ಕಾನ್ಸ್‌ಟೇಬಲ್‌ಗೆ ನಗು ಬಂತು. ಮುದುಕರ ಮುಖ ನೋಡಿ ತಲೆ ತಗ್ಗಿಸಿದಳು.

“ಯಾರಿಗಾದ್ರೂ ದ್ವೇಷ ಇತ್ತಾ?”

“ಲಿಫ್ಟ್‌ನವನ ಮೇಲೆ ಯಾರಿಗೆ ದ್ವೇಷ ಇರುತ್ತೆ?”

“ನಿಮಗೆ ಸುದ್ದಿ ಹೇಗೆ ಬಂತು?”

“ಏಳೂವರೆಯಿಂದ ಫೋನ್ ಮಾಡ್ತಾನೇ ಇದ್ದೆ. ಎಂಟೂಕಾಲಿಗೆ ಆಸ್ಪತ್ರೆ ನರ್ಸ್ ಎತ್ತಿದ್ರು.”

“ಮುಕ್ಕಾಲು ಗಂಟೆ ಬಿಡದೆ ಮಾಡಿದ್ರಾ? ಯಾಕೆ?”

ಮುದುಕರು ಕಿಟಕಿಯ ಕಡೆ ನೋಡಿದರು. “ಸುಮ್ನೆ. ಅಭ್ಯಾಸ.”

ಒಂಬತ್ತೂ ಇಪ್ಪತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು. ಪ್ರತಿಗೆ ಸಹಿ ಹಾಕಿ ಬಾಗಿಲವರೆಗೆ ಹೋದ ಮುದುಕರು ತಿರುಗಿ ಬಂದರು.

“ಇವತ್ತು ಸಂಜೆ ಆ ಓಣೀಲಿ ಪೊಲೀಸರು ಇರ್ತಾರಲ್ವಾ ಸಾರ್? ಹೆಣ್ಣುಮಕ್ಕಳು ಓಡಾಡೋ ದಾರಿ ಅದು. ಅವನು ಇನ್ನೂ ಅಲ್ಲೇ ಸುತ್ತಾಡ್ತಿದ್ರೆ?”

ಅವರು ಏನನ್ನೋ ನುಂಗಿಕೊಳ್ಳುತ್ತಿದ್ದಾರೆ ಎಂದು ಇನ್‌ಸ್ಪೆಕ್ಟರ್‌ಗೆ ಅನ್ನಿಸಿತು. ಆದರೆ ಅವರ ಅಂಜಿಕೆ ಸುಳ್ಳಿನದಾಗಿರಲಿಲ್ಲ.

ಹತ್ತೂಕಾಲಿಗೆ ಸ್ಥಳ ಪಂಚನಾಮೆ ಶುರುವಾಯಿತು. ಓಣಿಯ ದರ್ಜಿ ಮತ್ತು ಸೈಕಲ್ ರಿಪೇರಿಯವನು ಪಂಚರಾಗಿ ನಿಂತರು. ಒಂದು ಕಡೆ ಕಾರ್ಖಾನೆಯ ಎತ್ತರದ ಗೋಡೆ, ಇನ್ನೊಂದು ಕಡೆ ಮುಚ್ಚಿದ ಷೆಡ್ಡುಗಳು, ನಡುವೆ ನೂರ ನಲವತ್ತು ಹೆಜ್ಜೆಯ ದಾರಿ, ಒಂದೇ ದೀಪದ ಕಂಬ. ಗಾಯಾಳು ಬಿದ್ದ ಜಾಗದಿಂದ ಮುಖ್ಯರಸ್ತೆಯ ಕಡೆಗೆ ರಕ್ತದ ದಪ್ಪ ಗುರುತು ಎಳೆದಂತೆ ಹೋಗಿತ್ತು. ಅಲ್ಲಿವರೆಗೆ ತೆವಳಿಕೊಂಡು ಹೋಗಿದ್ದರು, ದಾರಿಹೋಕರು ಆಸ್ಪತ್ರೆಗೆ ಸೇರಿಸಿದ್ದರು.

“ಸಾರ್, ಇಲ್ಲಿ ನೋಡಿ,” ಎಂದಳು ಹೆಡ್ ಕಾನ್ಸ್‌ಟೇಬಲ್. ವಿರುದ್ಧ ದಿಕ್ಕಿನಲ್ಲಿ, ಎರಡು ಮೂರು ಹೆಜ್ಜೆಗೊಂದರಂತೆ, ಸಣ್ಣ ತೊಟ್ಟುಗಳು. ಇರಿದವನ ಕೈಯೂ ಕೊಯ್ದಿತ್ತು.

ಆ ತೊಟ್ಟುಗಳ ಪಕ್ಕದ ಚರಂಡಿಯಲ್ಲಿ ಚಾಕು ಸಿಕ್ಕಿತು. ಮರದ ಹಿಡಿಯ ಮಡಚುವ ಚಾಕು, ನಾಲ್ಕು ಬೆರಳಿನಗಲದಷ್ಟು ಉದ್ದದ ಅಲಗು. ಕೊಲೆಗೆಂದು ಹೊರಟವರು ತರುವಂಥದ್ದಲ್ಲ. ಹಿಡಿಯ ಮೇಲೆ ಅಂಗಡಿಯ ಮುದ್ರೆ ಹೊಸದಾಗಿಯೇ ಇತ್ತು. ಅಲಗು ಅರ್ಧ ಮಡಚಿಕೊಂಡಿತ್ತು. ಹೆಡ್ ಕಾನ್ಸ್‌ಟೇಬಲ್ ಅದರ ಫೋಟೋ ತೆಗೆದುಕೊಂಡ ಮೇಲೆ ಪಂಚರ ಎದುರು ಲಕೋಟೆಗೆ ಹಾಕಿ ಮೊಹರು ಮಾಡಿದರು.

ಮಧ್ಯಾಹ್ನ ಹನ್ನೆರಡೂವರೆಗೆ ಆಸ್ಪತ್ರೆ. ಡಾಕ್ಟರು ನಿಂತುಕೊಂಡೇ ಮಾತಾಡಿದರು.

“ಅಲಗು ಪೂರ್ತಿ ಒಳಗೆ ಹೋಗಿಲ್ಲ. ಆದರೆ ಪಕ್ಕೆ ಕೆಳಗೆ ಬಿದ್ದಿದೆ, ಒಳಗೆ ರಕ್ತ ಸೋರಿದೆ.”

“ಉಳೀತಾರಾ?”

“ಗುರುವಾರ ಬೆಳಿಗ್ಗೆವರೆಗೆ ನಾನು ಏನೂ ಹೇಳಲ್ಲ.”

ಗಾಯಾಳು ತೀರಿಕೊಂಡರೆ ಎಫ್‌ಐಆರ್‌ನಲ್ಲಿ ಕಲಂ ಬದಲಾಗುತ್ತದೆ, ಕೊಲೆ ಯತ್ನ ಹೋಗಿ ಕೊಲೆಯೇ ಆಗುತ್ತದೆ. ಅದನ್ನು ಇನ್‌ಸ್ಪೆಕ್ಟರ್ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೊರಗೆ ಮುದುಕರು ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ತುಟಿ ಮಾತ್ರ ಅಲುಗುತ್ತಿತ್ತು. ದೇವರ ಹೆಸರು ಒಂದೇ ಲೆಕ್ಕದಲ್ಲಿ ಬಂದು ಹೋಗುತ್ತಿತ್ತು. ಪಕ್ಕದಲ್ಲಿ ಮುಚ್ಚಳ ತೆಗೆಯದ ಫ್ಲಾಸ್ಕು.

“ಮಗಳು ಕಾಫಿ ಮಾಡಿ ಕೊಟ್ಟಿದಾಳೆ. ಅವನು ಕಣ್ಣು ಬಿಟ್ಟ ಮೇಲೆ ಕುಡೀತೀನಿ,” ಎಂದರು. ಆಮೇಲೆ, “ಇರಿದವನು ಸಿಕ್ಕಿದನಾ ಸಾರ್?”

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಹೆಡ್ ಕಾನ್ಸ್‌ಟೇಬಲ್, ಮುದ್ರೆಯಲ್ಲಿದ್ದ ಅಂಗಡಿಯನ್ನು ಹುಡುಕಿದಳು. ಕತ್ತರಿ, ಚಾಕು, ಬೀಗ ಮಾರುವ ಹಳೇ ಅಂಗಡಿ. ಇನ್‌ಸ್ಪೆಕ್ಟರೂ ಜೊತೆಗಿದ್ದರು. ಅಂಗಡಿಯವನು ಫೋಟೋ ನೋಡಿದ ಕೂಡಲೇ ಕೂತಲ್ಲಿಂದ ಎದ್ದ.

“ಆಗಬಾರದ್ದು ಆಗಿಹೋಯ್ತಾ?”

“ಯಾರಿಗೆ ಮಾರಿದ್ದು?”

“ಒಂದು ಹುಡುಗಿಗೆ. ಎಂಟು ದಿನ ಆಯ್ತು. ಮೊದಲು ಹಣ್ಣು ಕೊಯ್ಯೋಕೆ ಅಂದಳು. ಹಣ್ಣು ಕೊಯ್ಯೋರು ಬಾಗಿಲ ಕಡೆ ನೋಡ್ಕೊಂಡು ಚಾಕು ಕೊಳ್ತಾರಾ ಸಾರ್?”

ಅವನು ಗಾಜಿನ ಮೇಲೆ ಮೂರು ಚಾಕುಗಳನ್ನು ಇಟ್ಟು ತೋರಿಸಿದ. ಒಂದಕ್ಕೆ ಬಿಚ್ಚಿದ ಮೇಲೆ ಅಲಗನ್ನು ಹಿಡಿದು ನಿಲ್ಲಿಸುವ ಲಾಕ್ ಇತ್ತು. ಅದು ಅವಳ ಕೈಗೆ ಭಾರವಾಯಿತು, ಟಕ್ ಎಂಬ ಸದ್ದಿಗೇ ಬೆಚ್ಚಿದಳು. ಇನ್ನೊಂದು ಬ್ಯಾಗಿನ ಹೊರಜೇಬಿಗೆ ಹಿಡಿಯಲಿಲ್ಲ. ಮೂರನೆಯದು ಮರದ ಹಿಡಿಯದು, ಹಗುರ, ಲಾಕ್ ಇಲ್ಲ.

“ಇದು ದಾರ, ರಟ್ಟಿನ ಡಬ್ಬ, ಹಣ್ಣು, ಇಷ್ಟಕ್ಕೇ ಅಂದೆ. ಮೈ ಕಾಪಾಡಿಕೊಳ್ಳೋಕಾದ್ರೆ ಚಾಕು ಬೇಡಮ್ಮ, ಗಂಟಲು ಎತ್ತಿ ಕೂಗು, ಓಡು ಅಂದೆ. ‘ಕೂಗಿದ್ರೆ ಕೇಳಿಸೋಕೆ ಅಲ್ಲಿ ಯಾರೂ ಇರಲ್ಲ’ ಅಂದಳು. ಇನ್ನೇನು ಹೇಳಲಿ?”

“ಹೆಸರು?”

“ಕೇಳಲಿಲ್ಲ. ಆದರೆ ಒಂದು ವಿಷಯ. ಅಲಗು ಬಿಗಿ ಇತ್ತು, ಒಂದೇ ಕೈಲಿ ಬಿಚ್ಚೋಕೆ ಆಗಲಿಲ್ಲ. ತನ್ನ ಬ್ಯಾಗಿಂದಾನೇ ಬೆರಳಷ್ಟು ಸ್ಕ್ರೂಡ್ರೈವರ್ ತೆಗೆದು ತಿರುಪು ಸಡಿಲಿಸಿದಳು. ಸಡಿಲ ಮಾಡಬೇಡಮ್ಮ, ಬೇಗ ಬಿಚ್ಚಿಕೊಳ್ಳೋದು ಬೇಗ ಮಡಚಿಕೊಳ್ಳುತ್ತೆ, ಒತ್ತಿದರೆ ನಿನ್ನ ಬೆರಳ ಮೇಲೇ ಬೀಳುತ್ತೆ ಅಂದೆ. ಕೇಳಲಿಲ್ಲ.”

ಇನ್‌ಸ್ಪೆಕ್ಟರ್ ತಮ್ಮ ಕನ್ನಡಕ ತೆಗೆದು, ಅದರ ಕಡ್ಡಿಯ ಬುಡದ ಎಳ್ಳುಕಾಳಿನಷ್ಟು ತಿರುಪನ್ನು ತೋರಿಸಿದರು. “ಇಂಥದ್ದಕ್ಕೆ ಹಾಕೋ ಸ್ಕ್ರೂಡ್ರೈವರಾ?”

“ಅದೇ ಸಾರ್. ಕೈ ಪಳಗಿತ್ತು. ನಾನು ಬಾಯಿ ಬಿಡೋದ್ರೊಳಗೆ ಮುಗಿಸಿದ್ದಳು.”

ಓಣಿಯಿಂದ ನಡೆದು ಹೋಗುವಷ್ಟು ದೂರದಲ್ಲಿ ಮೂರು ಕನ್ನಡಕದ ಅಂಗಡಿಗಳಿದ್ದವು. ಮೂರನೆಯದರ ಮಾಲೀಕಳು ಕಣ್ಣು ಪರೀಕ್ಷೆಯ ಅಕ್ಷರಗಳ ಬೋರ್ಡಿನ ಕೆಳಗೆ ಕೂತು ಊಟ ಮಾಡುತ್ತಿದ್ದಳು.

“ಫಿಟ್ಟಿಂಗ್ ಮಾಡೋ ಹುಡುಗಿಯಾ? ನಿನ್ನೆಯಿಂದ ರಜ. ಲೆನ್ಸಿನ ಅಂಚು ಕೈಗೆ ತಗುಲಿತಂತೆ.”

“ಇಲ್ಲೇ ತಗುಲಿತಾ?”

“ಸೋಮವಾರ ಏಳು ಗಂಟೆಗೆ ಹೋಗೋವಾಗ ಕೈ ಚೆನ್ನಾಗಿತ್ತು. ಮನೇಲಿ ಲೆನ್ಸ್ ಎಲ್ಲಿಂದ ಬಂತೋ ನನಗೇನು ಗೊತ್ತು?” ಮಾಲೀಕಳು ತುತ್ತು ಕೆಳಗಿಟ್ಟಳು. “ಯಾಕೆ, ಏನಾಯ್ತು? ಈಚೆಗೆ ಹೊರಡೋ ಹೊತ್ತಾದ್ರೆ ಅವಳ ಮುಖವೇ ಸರಿ ಇರ್ತಿರಲಿಲ್ಲ.”

ವಿಳಾಸ ಬರೆದುಕೊಂಡ ಹೆಡ್ ಕಾನ್ಸ್‌ಟೇಬಲ್ ಪೆನ್ನನ್ನು ಹಾಗೇ ಹಿಡಿದುಕೊಂಡಳು. ಫೈಲಿನಿಂದ ಎಫ್‌ಐಆರ್ ಪ್ರತಿ ತೆಗೆದು ಪಕ್ಕದಲ್ಲಿಟ್ಟಳು. ಅದೇ ರಸ್ತೆ, ಅದೇ ಬಾಗಿಲ ನಂಬರು. ದೂರುದಾರರ ಮನೆ.

ಇಬ್ಬರೂ ಜೀಪು ಹತ್ತಿದರು.

“ಮುದುಕರಿಗೆ ಗೊತ್ತಿರಬಹುದಾ?” ಎಂದರು ಇನ್‌ಸ್ಪೆಕ್ಟರ್.

“ಗೊತ್ತಿದ್ದಿದ್ರೆ ದೂರು ಕೊಡ್ತಿದ್ರಾ ಸಾರ್? ನಿನ್ನೆಯಿಂದ ನಾಲ್ಕು ಸಲ ಫೋನ್ ಮಾಡಿದಾರೆ, ಅವನು ಸಿಕ್ಕಿದನಾ, ಸಿಕ್ಕಿದನಾ ಅಂತ.”

ಸಂಜೆ ಐದೂವರೆಗೆ ಅವರು ಮಹಡಿ ಮೆಟ್ಟಿಲು ಹತ್ತಿದರು. ಬಾಗಿಲು ತೆರೆದ ಹುಡುಗಿ ಎಡಗೈಯಿಂದ ಚಿಲಕ ಸರಿಸಿದಳು. ಬಲಗೈಯ ನಾಲ್ಕು ಬೆರಳಿಗೂ ಬಟ್ಟೆ ಸುತ್ತಿತ್ತು, ಒಂದೇ ಸಾಲಿನಲ್ಲಿ ರಕ್ತ ಇಂಗಿತ್ತು. ಇಪ್ಪತ್ತೈದರ ಆಸುಪಾಸು. ಎರಡು ರಾತ್ರಿ ನಿದ್ದೆ ಮಾಡದ ಕಣ್ಣು. ಒಳಗೆ ಬಚ್ಚಲಲ್ಲಿ ನೀರು ಬೀಳುವ ಸದ್ದು.

“ಕೈಗೇನಾಯ್ತಮ್ಮ?” ಎಂದಳು ಹೆಡ್ ಕಾನ್ಸ್‌ಟೇಬಲ್.

“ಲೆನ್ಸ್ ತಗುಲಿತು ಅಕ್ಕ.”

“ನಾಲ್ಕು ಬೆರಳಿಗೂ ಒಂದೇ ಗೆರೇಲಾ?”

ಇನ್‌ಸ್ಪೆಕ್ಟರ್ ಚಾಕುವಿನ ಫೋಟೋ ತೋರಿಸಿದರು. ಹುಡುಗಿ ಅದನ್ನು ನೋಡಲಿಲ್ಲ, ಬಚ್ಚಲ ಬಾಗಿಲನ್ನು ನೋಡಿದಳು. ಧ್ವನಿ ತಗ್ಗಿಸಿದಳು.

“ಅಪ್ಪ ಈಗಷ್ಟೇ ಆಸ್ಪತ್ರೆಯಿಂದ ಬಂದು ಸ್ನಾನಕ್ಕೆ ಹೋದರು. ಅವರು ಹೊರಗೆ ಬರೋಕೆ ಮುಂಚೆ ನನ್ನ ಕರ್ಕೊಂಡು ಹೋಗಿಬಿಡಿ. ಅಲ್ಲಿ ಎಲ್ಲಾ ಹೇಳ್ತೀನಿ.”

“ಇಲ್ಲೇ ಹೇಳು. ಯಾಕೆ ಇರಿದೆ?”

“ಹನ್ನೆರಡು ದಿನದಿಂದ ಹಿಂದೆ ಬರ್ತಿದ್ರು. ನಾನು ನಿಂತ್ರೆ ನಿಲ್ಲೋರು, ನಡೆದ್ರೆ ನಡೆಯೋರು. ತಲೆಗೆ ಮಂಕಿ ಕ್ಯಾಪ್, ಮುಖ ಕಾಣ್ತಿರಲಿಲ್ಲ. ಹೋದ ತಿಂಗಳು ಅದೇ ಓಣೀಲಿ ಒಬ್ಬಳ ಮೇಲೆ ಯಾರೋ ಬಿದ್ದಿದ್ನಲ್ಲ, ಅವನೇ ಅಂದ್ಕೊಂಡೆ. ಸೋಮವಾರ ಬ್ಯಾಗಿಂದ ಚಾಕು ತೆಗೆಯೋಕೆ ಗೋಡೆಗೆ ಒರಗಿ ನಿಂತೆ. ಅವತ್ತು ಮಾತ್ರ ಅವರು ನಿಲ್ಲಲಿಲ್ಲ. ಹತ್ತಿರಾನೇ ಬಂದ್ರು.” ಅವಳು ಉಸಿರು ಎಳೆದುಕೊಂಡಳು. “‘ಏನಾಯ್ತು ಮಗೂ’ ಅಂದ್ರು. ಕೇಳಿಸಿತು. ಅಷ್ಟರಲ್ಲಿ ಕೈ ಮುಂದೆ ಹೋಗಿತ್ತು.”

“ಯಾರು ಅಂತ ಗೊತ್ತಾಯ್ತಾ?”

“ರಾತ್ರಿ ಅಪ್ಪ ಅಳ್ತಾ ಬಂದು ಹೇಳಿದಾಗ. ಅವರ ಸ್ನೇಹಿತರನ್ನ ನಾನು ಯಾವತ್ತೂ ನೋಡಿರಲಿಲ್ಲ, ಅವರಿಬ್ಬರೂ ಪಾರ್ಕಿನಲ್ಲೇ ಸೇರೋರು. ಅಂಥವರು ಹುಡುಗಿಯರ ಹಿಂದೆ ಬೀಳ್ತಿದ್ರು ಅಂತ ಅಪ್ಪನಿಗೆ ಹೇಗೆ ಹೇಳಲಿ? ಅಪ್ಪನಿಗೆ ಇರೋದು ಅವರೊಬ್ಬರೇ.”

ನೀರಿನ ಸದ್ದು ನಿಂತು ಹೊತ್ತಾಗಿತ್ತು. ಬಚ್ಚಲ ಬಾಗಿಲಲ್ಲಿ ಮುದುಕರು ಒದ್ದೆ ಮೈಗೆ ಟವೆಲು ಸುತ್ತಿಕೊಂಡು, ಗೋಡೆ ಹಿಡಿದು ನಿಂತಿದ್ದರು.

“ನಾನೇ ಕಳಿಸಿದ್ದು,” ಎಂದರು.

ಮಗಳು ತಿರುಗಿ ನೋಡಿದಳು.

“ಹೋದ ತಿಂಗಳ ಆ ಸುದ್ದಿ ಪೇಪರಿನಲ್ಲಿ ಓದಿದ ಮೇಲೆ ನನಗೆ ಏಳು ಗಂಟೆ ಅಂದ್ರೆ ಜೀವ ಬಾಯಿಗೆ ಬರ್ತಿತ್ತು. ಈ ಮಂಡಿ ಇಟ್ಕೊಂಡು ನಾನು ಬರೋ ಹಾಗಿಲ್ಲ. ದೂರದಿಂದ ನೋಡ್ಕೊಂಡು ಬಾರೋ, ಅವಳಿಗೆ ಗೊತ್ತಾಗೋದು ಬೇಡ ಅಂತ ಅವನ ಕೈ ಹಿಡ್ಕೊಂಡೆ. ನೀನು ಮೆಟ್ಟಿಲು ಹತ್ತಿದ ಮೇಲೆ ಕೆಳಗಿಂದ ಫೋನ್ ಮಾಡೋನು. ಸೋಮವಾರ ಮಾಡಲಿಲ್ಲ. ನಿನ್ನ ಹೆಸರು ಠಾಣೆಗೆ ಬರಬಾರದು ಅಂತ ದೂರಿನಲ್ಲೂ ಬರೀಲಿಲ್ಲ.”

ಹುಡುಗಿ ನೆಲದ ಮೇಲೆ ಕೂತುಬಿಟ್ಟಳು. ಹೆಡ್ ಕಾನ್ಸ್‌ಟೇಬಲ್ ಪಕ್ಕದಲ್ಲಿ ಕೂತು ಅವಳ ಭುಜದ ಮೇಲೆ ಕೈಯಿಟ್ಟಳು. ಐದೂ ಐವತ್ತೈದಕ್ಕೆ ದಸ್ತಗಿರಿ ಎಂದು ಡೈರಿಯಲ್ಲಿ ಬರೆದುಕೊಂಡದ್ದೂ ಅವಳೇ.

ಮುದುಕರು ಅಂಗಿಯನ್ನು ತಿರುವುಮುರುವಾಗಿ ಹಾಕಿಕೊಂಡು ಜೀಪು ಹತ್ತಿದರು. ಇನ್‌ಸ್ಪೆಕ್ಟರ್ ಬೇಡವೆನ್ನಲಿಲ್ಲ. ದಾರಿಯಲ್ಲಿ ತಂದೆ ಮಗಳು ಆಡಿದ್ದು ನಾಲ್ಕೇ ಮಾತು.

“ನನಗ್ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಕೆಲಸ ಬಿಡಿಸ್ತಿದ್ರಿ. ನೀವ್ಯಾಕೆ ಹೇಳಲಿಲ್ಲ?”

“ಕಾವಲು ಹಾಕ್ತೀರಾ ಅಂತ ನೀನು ಸಿಟ್ಟಾಗ್ತಿದ್ದೆ.”

“ಆಗ್ತಿದ್ದೆ,” ಎಂದಳು ಮಗಳು.

ಆ ರಾತ್ರಿ ಠಾಣೆಯ ಬೆಂಚಿನ ಮೇಲೆ ಮುದುಕರು ಇಬ್ಬರಿಗಾಗಿ ಬೇಡಿಕೊಂಡರು. ಒಬ್ಬ ಉಳಿಯದಿದ್ದರೆ ಇನ್ನೊಬ್ಬಳೂ ಉಳಿಯುವುದಿಲ್ಲ ಎಂಬುದು ಅವರಿಗೆ ಈಗ ತಿಳಿದಿತ್ತು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯಿಂದ ಫೋನ್ ಬಂತು. ಗಾಯಾಳು ಕಣ್ಣು ಬಿಟ್ಟಿದ್ದರು. ಕಲಂ ಬದಲಾಗಲಿಲ್ಲ. ಆದರೆ ಕೇಸು ಕೇಸೇ. ಅದು ನ್ಯಾಯಾಲಯಕ್ಕೆ ಹೋಗಲೇಬೇಕು ಎಂದು ಇನ್‌ಸ್ಪೆಕ್ಟರ್ ಮುದುಕರಿಗೆ ಹೇಳಿದರು. ಕೃತ್ಯದ ಉದ್ದೇಶ ಎಂಬಲ್ಲಿ ಅವರು ಬರೆದದ್ದು ಇಷ್ಟು: ಆರೋಪಿಗೆ ಗಾಯಾಳುವಿನ ಮೇಲೆ ದ್ವೇಷವಿಲ್ಲ, ಪರಿಚಯವೂ ಇಲ್ಲ. ಹನ್ನೆರಡು ದಿನ ಒಬ್ಬಳೇ ಹೆದರಿದ್ದಳು.

ಹನ್ನೊಂದು ಗಂಟೆಗೆ ಡಾಕ್ಟರ ಸಮ್ಮುಖದಲ್ಲಿ ಗಾಯಾಳುವಿನ ಹೇಳಿಕೆ ಪಡೆಯಲಾಯಿತು. ಲಿಫ್ಟ್‌ನವರ ಧ್ವನಿ ಬಹಳ ಕ್ಷೀಣವಾಗಿತ್ತು. ಹೆಡ್ ಕಾನ್ಸ್‌ಟೇಬಲ್ ಬಾಗಿ ಬರೆದುಕೊಂಡಳು.

“ತಪ್ಪು ನನ್ನದೇ ತಾಯಿ. ನನ್ನ ಚಪ್ಪಲಿ ಸದ್ದು ಮಾಡ್ತಿತ್ತು, ಮಗು ಹೆದರುತ್ತೆ ಅಂತ ಬಟ್ಟೆ ಬೂಟು ಕೊಂಡ್ಕೊಂಡೆ. ಕೆಮ್ಮು ಬಂದರೂ ತಡ್ಕೊಳ್ತಿದ್ದೆ. ಹಿಂದೆ ಯಾರೋ ಇದ್ದಾರೆ ಅಂತ ಅವಳಿಗೆ ಅನ್ನಿಸಲೇಬಾರದು ಅಂತ, ಉಸಿರು ಕೂಡ ಮೆಲ್ಲಗೆ ಬಿಡ್ತಿದ್ದೆ.”